ಮರಳಿನ ಮೇಲೆ ಚರಗ

ಆಂಟಿಯ ಮೂಗಿನ ಎರಡೂ ಬದಿಗೆ ಒಂದೊಂದು ಸಣ್ಣ ಹಳ್ಳವಿತ್ತು. ಕನ್ನಡಕದ ಗುರುತಲ್ಲ, ಅವರು ಕನ್ನಡಕ ಹಾಕಿಕೊಳ್ಳುತ್ತಿದ್ದುದು ಸಜ್ಜೆ ಹಿಟ್ಟಿನಲ್ಲಿ ಹುಳ ಹುಡುಕುವಾಗ ಮಾತ್ರ. ಅದು ಮಾಸ್ಕಿನ ಗುರುತು. ಜಗತ್ತೆಲ್ಲ ಮಾಸ್ಕ್ ಕಟ್ಟಿಕೊಳ್ಳುವುದನ್ನು ಕಲಿಯುವ ಎಷ್ಟೋ ವರ್ಷ ಮೊದಲಿನಿಂದಲೂ ಆಪರೇಷನ್ ಥಿಯೇಟರಿನಲ್ಲಿ ದಿನವಿಡೀ ಬಿಗಿದು ಬಿಗಿದು, ಅದರೊಳಗಿನ ತಂತಿ ಅವರ ಮೂಗಿನ ಮೇಲೆ ಕಾಯಂ ಜಾಗ ಮಾಡಿಕೊಂಡಿತ್ತು. ಆ ಹಳ್ಳಗಳ ಮೇಲೆ ಹಣೆಯಲ್ಲಿ ಹಳೆಯ ನಾಲ್ಕಾಣೆಯಷ್ಟು ಅಗಲದ ಕುಂಕುಮ. ಎದುರಿಗೆ ಕೂತು ಮಾತಾಡುವಾಗ ನನ್ನ ಕಣ್ಣು ಕುಂಕುಮದಿಂದ ಹಳ್ಳಕ್ಕೆ, ಹಳ್ಳದಿಂದ ಕುಂಕುಮಕ್ಕೆ ಓಡಾಡುತ್ತಲೇ ಇರುತ್ತಿತ್ತು.

ಬಾಗಲಕೋಟೆಯ ಕಡೆಯವರು. ಅರಿವಳಿಕೆ ಕೊಡುವ ಡಾಕ್ಟರಾಗಿದ್ದು ನಿವೃತ್ತರಾದವರು. ಅಮೆರಿಕದ ಜಾರ್ಜಿಯಾದಲ್ಲಿ, ಲಾರೆನ್ಸ್‌ವಿಲ್‌ನ ನಮ್ಮ ಬೀದಿಯಲ್ಲಿ ಎರಡು ಮನೆ ಆಚೆ, ಗಂಡನೊಂದಿಗೆ ಇದ್ದರು. ಅಂಕಲ್ ಎಂಜಿನಿಯರ್ ಆಗಿದ್ದವರು. ಇಬ್ಬರ ಪಾಲಿನ ಮಾತನ್ನೂ ಆಂಟಿಯೇ ಆಡುತ್ತಿದ್ದುದರಿಂದ ಅಂಕಲ್ "ಹೂಂ" ಒಂದರಲ್ಲೇ ಸಂಸಾರ ತೂಗಿಸಿದ್ದರು. ನಮ್ಮ ಮನೆಯಲ್ಲಿ ಆಗ ನಾನು ಮತ್ತು ನನ್ನ ಮಗಳು ಪುಟ್ಟಿ, ಇಬ್ಬರೇ. ನನ್ನ ಗಂಡನ ಕೆಲಸ ದೂರದ ರೆಸ್ಟನ್ ಊರಿಗೆ ಹೋಗಿತ್ತು, ಅದರ ಹಿಂದೆ ಅವರೂ ಹೋಗಿದ್ದರು, ರಜೆ ಸಿಕ್ಕಾಗ ಬಂದು ಹೋಗುತ್ತಿದ್ದರು.

ತಮ್ಮ ಕೆಲಸದ ಬಗ್ಗೆ ಆಂಟಿ ಒಂದೇ ಮಾತು ಹೇಳುತ್ತಿದ್ದರು. "ಮಲಗಿಸೂದೇನ್ ದೊಡ್ಡದಲ್ಲ ತಂಗಿ, ಔಷಧ ಮಲಗಿಸ್ತೈತಿ. ಎಬ್ಬಿಸೂದು ಐತಲ್ಲ, ಅದು ಖರೆ ಕೆಲಸ. ಗಡಬಡಿ ಮಾಡಿದ್ರ ಅಂಜಿ ಏಳ್ತಾರ." ಈ ಮಾತನ್ನು ಅವರು ರೊಟ್ಟಿ ಬಡಿಯುವಾಗಲೂ ಹೇಳುತ್ತಿದ್ದರು, ಫೋನಿನಲ್ಲಿ ಯಾರದೋ ಮದುವೆ ಮಾತುಕತೆ ನಡೆಸುವಾಗಲೂ ಹೇಳುತ್ತಿದ್ದರು. ಎಲ್ಲಕ್ಕೂ ಹೊಂದುತ್ತಿತ್ತು ಅನ್ನುವುದು ಬೇರೆ ಮಾತು.

ಅವರ ಮನೆಯ ಪಕ್ಕದಲ್ಲಿ ಒಂದು ಆರ್‌ವಿ ನಿಂತಿರುತ್ತಿತ್ತು. ಒಳಗೇ ಅಡುಗೆಮನೆ, ಮಂಚ, ಬಚ್ಚಲು ಎಲ್ಲ ಇರುವ, ಬಸ್ಸಿಗೆ ಸ್ವಲ್ಪ ಚಿಕ್ಕದು ಅನ್ನಬಹುದಾದ ಗಾಡಿ. ಆಂಟಿ ಅದನ್ನು ಕರೆಯುತ್ತಿದ್ದುದು "ನನ್ ಕೊಲ್ಲಾರಿ ಬಂಡಿ" ಅಂತ. ಅವರ ಊರಿನಲ್ಲಿ ಹಬ್ಬಕ್ಕೆ ಹೊಲಕ್ಕೆ ಹೋಗುವಾಗ ಹೂಡುವ, ಮೇಲೆ ಕಮಾನು ಕಟ್ಟಿದ ಎತ್ತಿನ ಗಾಡಿಗೆ ಆ ಹೆಸರಂತೆ. ಆರ್‌ವಿಯ ಕನ್ನಡಿಗೆ ಎತ್ತಿನ ಕೊರಳಿನ ಗಂಟೆಯೊಂದನ್ನು ಕಟ್ಟಿದ್ದರು. ಬಡಾವಣೆಯ ಸಂಘದವರು ಬಂದು, ಮನೆ ಮುಂದೆ ಇಂಥ ದೊಡ್ಡ ಗಾಡಿ ನಿಲ್ಲಿಸಬಾರದು ಎಂದಾಗ ಆಂಟಿ ಅವರಿಗೆ ಚಹಾ ಕೊಟ್ಟು ಕಳಿಸಿ, ನನ್ನ ಹತ್ತಿರ ಗೊಣಗಿದರು: "ಬಂಡಿ ಅಷ್ಟ ನಿಲ್ಸೇನಿ. ಎತ್ತು ಕಟ್ಟಿದ್ರ ಏನಂತಿದ್ರೋ!"

ಇನ್ನು ನನ್ನ ಮಗಳ ವಿಷಯ. ಅದನ್ನು ಹೇಳದೆ ಆಂಟಿಯ ಬಗ್ಗೆ ಏನು ಹೇಳಿದರೂ ಅರ್ಧ.

ಕೋವಿಡ್ ಶುರುವಾದಾಗ ಪುಟ್ಟಿಗೆ ಓದುವುದು ಬರೆಯುವುದು ಬಂದಿತ್ತಷ್ಟೇ. ಸ್ಕೂಲು ಕಂಪ್ಯೂಟರಿನೊಳಗೆ ಹೋಯಿತು. ಟೀಚರು ಕೈ ತೊಳೆಯುವ ಹಾಡು ಹೇಳಿಕೊಟ್ಟರು. ಹಾಲಿನ ಕ್ಯಾನಿಗೂ ಸೋಪು ಹಾಕಿ ತೊಳೆದ ಕಾಲ ಅದು, ನಾವೆಲ್ಲ ತೊಳೆದವರೇ. ಆಮೇಲೆ ಉಳಿದವರೆಲ್ಲ ನಿಲ್ಲಿಸಿದೆವು, ಪುಟ್ಟಿ ನಿಲ್ಲಿಸಲಿಲ್ಲ. ಬಾಗಿಲಿನ ಹಿಡಿ ಮುಟ್ಟಿದರೆ ತೊಳೆಯಬೇಕು, ಪೆನ್ಸಿಲ್ ಕೆಳಗೆ ಬಿದ್ದರೆ ತೊಳೆಯಬೇಕು, ತೊಳೆದು ನಲ್ಲಿ ನಿಲ್ಲಿಸಿದರೆ ಆ ನಲ್ಲಿಯನ್ನು ಮುಟ್ಟಿದ್ದಕ್ಕೆ ಮತ್ತೆ ತೊಳೆಯಬೇಕು. ಗೆಣ್ಣುಗಳು ಬಿರಿದು ರಕ್ತ ಬರುತ್ತಿತ್ತು. ಕೌನ್ಸೆಲರ್ ಒಬ್ಬರು ವಿಡಿಯೋದಲ್ಲಿ ಪ್ರತಿ ವಾರ ಮಾತಾಡುತ್ತಿದ್ದರು, ಒಳ್ಳೆಯವರು, ನಿಧಾನ ಆಗುತ್ತೆ ಅನ್ನುತ್ತಿದ್ದರು. ಆ ನಿಧಾನ ನನ್ನ ಕೈಲಾಗುತ್ತಿರಲಿಲ್ಲ. ಮಗಳು ಕ್ಲಾಸಿಗೆ ಮೊದಲು ಬರುವುದು ಬೇಡ, ಭರತನಾಟ್ಯ ಬೇಡ, ಏನೂ ಬೇಡ. ಒಂದೇ ಒಂದು ಸಲ ಕೈ ತೊಳೆದು "ಸಾಕು" ಅನ್ನಲಿ ಎಂದು ನಾನು ದೇವರಲ್ಲಿ ಕೇಳಿಕೊಳ್ಳುತ್ತಿದ್ದೆ.

2021ರ ಕೊನೆಗೆ ಚಳಿಗಾಲದ ರಜೆ ಬಂತು. ಒಂದು ಸಂಜೆ ಆಂಟಿ ಬಾಗಿಲಲ್ಲಿ ನಿಂತು, "ಎಳ್ಳಮಾಸಿಗೆ ನಾವು ಮರಳಿಗೆ ಹೊಂಟೇವಿ. ನೀವಿಬ್ರೂ ಬರ್ರಿ" ಅಂದರು.

ಮೈಸೂರಿನವಳಾದ ನನಗೆ ಎಳ್ಳಮಾವಾಸ್ಯೆ ಅಂದರೆ ಕ್ಯಾಲೆಂಡರಿನ ಒಂದು ಕಪ್ಪು ಚುಕ್ಕೆ ಅಷ್ಟೇ. ಅವರ ಕಡೆ ಅದು ದೊಡ್ಡ ಹಬ್ಬ. ಮನೆಮಂದಿಯೆಲ್ಲ ಬಂಡಿ ಹೂಡಿಕೊಂಡು ಹೊಲಕ್ಕೆ ಹೋಗಿ, ಮಾಡಿದ ಅಡುಗೆಯನ್ನೆಲ್ಲ ಒಂದು ಪಾತ್ರೆಯಲ್ಲಿ ಕಲಸಿ, ಭೂಮಿತಾಯಿಗೆ ಊಟ ಅಂತ ಹೊಲದ ತುಂಬ ಎರಚಿ, ಆಮೇಲೆ ತಾವು ಉಣ್ಣುತ್ತಾರೆ. ಆ ಎರಚುವುದಕ್ಕೆ ಚರಗ ಚೆಲ್ಲುವುದು ಅನ್ನುತ್ತಾರೆ. ಆಂಟಿ ಚರಗಕ್ಕೆ ಆರಿಸಿಕೊಂಡಿದ್ದುದು ನ್ಯೂ ಮೆಕ್ಸಿಕೋದ ಬಿಳಿ ಮರಳಿನ ದಿಬ್ಬಗಳನ್ನು.

"ಅಷ್ಟು ದೂರ ಯಾಕೆ ಆಂಟಿ? ಚೆಲ್ಲೋಕೆ ಜಾರ್ಜಿಯಾದಲ್ಲೇ ಹೊಲ ಇಲ್ವಾ?" ಅಂದೆ.

"ಜಾರ್ಜಿಯಾದಾಗ ಎಲ್ಲಾ ಹಸಿರ ಐತಿ. ಇಲ್ಲಿ ಭೂಮಿತಾಯಿ ಹೊಟ್ಟಿ ತುಂಬೈತಿ. ಊಟಕ್ಕ ಕರೀಬೇಕಾದ್ದು ಹಸದಾಕೀನ್ನ ಅಲ್ಲೇನು?"

ನಾನು ಪುಟ್ಟಿಯ ಸ್ವೆಟರುಗಳನ್ನು ಚೀಲಕ್ಕೆ ತುಂಬಿದೆ. ಹೊರಟೆವು.

ಅಂಕಲ್ ಓಡಿಸುತ್ತಿದ್ದರು. ಆಂಟಿ ಪಕ್ಕದಲ್ಲಿ ಕೂತು ಬುತ್ತಿ ಬಿಚ್ಚಿ ಕಟ್ಟಿ ಮಾಡುತ್ತಿದ್ದರು. ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಕೆನೆ ಮೊಸರು. ಅಲಬಾಮಾ, ಮಿಸಿಸಿಪ್ಪಿ ಹೇಗೋ ಕಳೆದವು. ಟೆಕ್ಸಾಸ್ ಮಾತ್ರ ಮುಗಿಯುವುದೇ ಇಲ್ಲ. ಪುಟ್ಟಿ ಹಿಂದೆ ಕಿಟಕಿಯ ಹತ್ತಿರ, ಸ್ವೆಟರಿನ ತೋಳಿನೊಳಗೆ ಎರಡೂ ಕೈ ಎಳೆದುಕೊಂಡು ಕೂತಿದ್ದಳು. ಗಾಡಿಯ ಯಾವ ವಸ್ತುವನ್ನೂ ಮುಟ್ಟದ ಹಾಗೆ ಕೂರುವುದು ಒಂದು ವಿದ್ಯೆ, ಅದು ಅವಳಿಗೆ ಸಿದ್ಧಿಸಿತ್ತು. ಆಂಟಿ ಆಗಾಗ ತಿರುಗಿ ನೋಡುತ್ತಿದ್ದರು.

ದಿಬ್ಬಗಳ ಅಂಚಿನಲ್ಲೇ, ಇಂಥ ಗಾಡಿ ನಿಲ್ಲಿಸಿ ತಂಗುವ ಒಂದು ಚಿಕ್ಕ ಕ್ಯಾಂಪ್‌ಗ್ರೌಂಡ್. ಅದನ್ನು ನೋಡಿಕೊಳ್ಳುತ್ತಿದ್ದ ಅಮೆರಿಕನ್ ಮುದುಕ ಆಂಟಿಯನ್ನು ಕಂಡ ಕೂಡಲೇ ಟೋಪಿ ತೆಗೆದು ನಕ್ಕ, ವರ್ಷವರ್ಷದ ಪರಿಚಯ. ದಿನಾ ಬೆಳಿಗ್ಗೆ ತಿಂಡಿ ಹೊತ್ತು ಕಳೆದ ಮೇಲೆ ಆತ ಗಾಲ್ಫ್ ಕಾರ್ಟಿನಲ್ಲಿ ಒಂದು ಸುತ್ತು ಹಾಕಿ, ಯಾರು ಹೇಗಿದ್ದಾರೆ ನೋಡಿಕೊಂಡು ಹೋಗುತ್ತಿದ್ದ. ಗಾಡಿ ನಿಲ್ಲಿಸಿದ ಜಾಗದಿಂದ ಕೆಳಗಿಳಿದರೆ ಎದುರಿಗೆ ಬರೀ ಬಿಳುಪು. ಸಕ್ಕರೆ ಸುರಿದಂತೆ ದಿಬ್ಬದ ಹಿಂದೆ ದಿಬ್ಬ. ಆ ಮರಳು ಬಿಸಿಲಿನಲ್ಲೂ ಸುಡುವುದಿಲ್ಲ, ಬರಿಗಾಲಿಗೆ ತಣ್ಣಗೆ ತಾಗುತ್ತದೆ. ನಾನು ಚಪ್ಪಲಿ ಬಿಟ್ಟು ನಡೆದೆ. ಪುಟ್ಟಿ ಶೂ ಬಿಚ್ಚಲಿಲ್ಲ.

ಅಲ್ಲಿ ರಾತ್ರಿ ನೀರು ಹೆಪ್ಪುಗಟ್ಟುವ ಚಳಿ. ಕೊಳಾಯಿಯಿಂದ ಗಾಡಿಗೆ ಹಾಕುವ ಪೈಪನ್ನು ಬಿಚ್ಚಿಡಬೇಕು, ಗಾಡಿಯ ಟ್ಯಾಂಕಿನಲ್ಲಿ ತುಂಬಿಸಿಕೊಂಡಷ್ಟೇ ನೀರು. ಬಳಸಿದ ನೀರು ಇನ್ನೊಂದು ಟ್ಯಾಂಕಿಗೆ ಸೇರುತ್ತದೆ. ಅದು ತುಂಬಿದರೆ ಗಾಡಿಯನ್ನು ಗೇಟಿನ ಹತ್ತಿರ ಒಯ್ದು ಖಾಲಿ ಮಾಡಬೇಕು. ಇದನ್ನೆಲ್ಲ ಅಂಕಲ್ ನಮಗೆ ವಿವರಿಸಿದರು, ಅವರು ಅಷ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಆಂಟಿ, ಅಂಕಲ್, ನಾನು ಹೊರಗೆ ಚಹಾ ಕುಡಿಯುತ್ತಿದ್ದೆವು. ಒಳಗೆ ನೀರಿನ ಪಂಪು ಗುರ್ ಅನ್ನುತ್ತಲೇ ಇತ್ತು. ಇದ್ದಕ್ಕಿದ್ದಂತೆ ಅದರ ಸದ್ದು ಬದಲಾಗಿ ಒಣ ಗಂಟಲಿನ ಕೆಮ್ಮಿನ ಹಾಗಾಯಿತು. ಓಡಿದೆ. ಪುಟ್ಟಿ ಸಿಂಕಿನ ಮುಂದೆ ನಿಂತಿದ್ದಳು, ಮೊಣಕೈವರೆಗೆ ನೊರೆ, ತೊಳೆಯಲು ನೀರಿಲ್ಲ. ಒಂದು ಟ್ಯಾಂಕು ಪೂರ್ತಿ ಬರಿದಾಗಿ ಇನ್ನೊಂದು ಪೂರ್ತಿ ತುಂಬಿ, ತುಂಬಿದ್ದು ಶವರಿನ ಜಾಗದಲ್ಲಿ ಉಕ್ಕಿ ಬಂದಿತ್ತು. ಆ ಶವರಿನಲ್ಲಿ ಯಾರೂ ಸ್ನಾನ ಮಾಡುತ್ತಿರಲಿಲ್ಲ, ಅದು ಆಂಟಿಯ ಉಗ್ರಾಣ. ಹಬ್ಬಕ್ಕೆಂದು ತಂದಿದ್ದ ಬದನೆಕಾಯಿ, ಮೆಂತ್ಯದ ಸೊಪ್ಪು, ಕ್ಯಾರೆಟ್ ಎಲ್ಲ ಸೋಪಿನ ನೀರಿನಲ್ಲಿ ತೇಲುತ್ತಿದ್ದವು.

ನಾನು ಬಾಯಿ ತೆರೆಯುವಷ್ಟರಲ್ಲಿ ಆಂಟಿ ಹಿಂದಿನಿಂದ ಬಂದು ಇಣುಕಿದರು. "ಅಯ್ಯ, ಬದನಿಕಾಯಿ ಜಳಕ ಮಾಡ್ಯಾವ!" ಅಂತ ನಕ್ಕು, ಒಂದನ್ನು ಎತ್ತಿ ಸೆರಗಿನಿಂದ ಒರೆಸಿದರು. ಪುಟ್ಟಿ "ಸಾರಿ, ಅಜ್ಜಿ, ಐ ಆಮ್ ಸಾರಿ" ಎಂದು ಅಳುತ್ತಿದ್ದಳು. ಆಂಟಿ ಕುಡಿಯುವ ನೀರಿನ ಬಾಟಲಿಯಿಂದ ಅವಳ ಕೈಯ ನೊರೆ ಇಳಿಸಿದರು. ಆಮೇಲೆ ಒಂದು ಹಿತ್ತಾಳೆ ತಂಬಿಗೆಯನ್ನು ಅವಳ ಮುಂದಿಟ್ಟರು.

"ನೋಡವ್ವಾ, ನಾಳಿ ಇದರ ತುಂಬ ನೀರ್ ಕೊಡ್ತೇನಿ. ಇಡೀ ದಿನಕ್ಕ ನಿಂದು. ಯಾವಾಗ ಖರ್ಚು ಮಾಡ್ತಿ, ಎಷ್ಟು ಮಾಡ್ತಿ, ಅದು ನಿನ್ನ ಖುಷಿ. ಯಾರೂ ಕೇಳಂಗಿಲ್ಲ."

ನನಗೆ ಸಿಟ್ಟು ಬಂತು. ಮಗುವನ್ನು ಹೀಗೆ ಕಟ್ಟಿ ಹಾಕಿದರೆ ಹೇಗೆ? ಆಂಟಿ ನನ್ನನ್ನು ಪಕ್ಕಕ್ಕೆ ಕರೆದು, "ಅಂಜಬ್ಯಾಡ ತಂಗಿ. ಕೌನ್ಸೆಲರ್ ಏನ್ ಹೇಳ್ಯಾರ, ಸ್ವಲ್ಪ ಸ್ವಲ್ಪ ಬಿಡಿಸ್ಬೇಕಂತ ಹೌದಲ್ಲ? ಭಾಳ ಆದ್ರ ನಾನ ಇನ್ನೊಂದು ತಂಬಿಗಿ ಕೊಡ್ತೇನಿ" ಅಂದರು. ನಾನು ಮುಖ ಗಂಟು ಹಾಕಿಕೊಂಡೇ ಇದ್ದೆ. ಅದು ನನಗೆ ಬರುವ ಕಲೆಗಳಲ್ಲಿ ಮುಖ್ಯವಾದದ್ದು.

ಹಬ್ಬದ ದಿನ ಆಂಟಿ ಬೆಳಗಾಗುವ ಮುಂಚೆಯೇ ಎದ್ದು ಆ ಪುಟ್ಟ ಒಲೆಯ ಮುಂದೆ ನಿಂತಿದ್ದರು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಡುಬು, ಎಣ್ಣೆಗಾಯಿ, ಕಾಳುಪಲ್ಯ, ಮೊಸರನ್ನ. ಇಳಕಲ್ ಸೀರೆ ಉಟ್ಟು, ಕಾಲಿಗೆ ಓಡುವ ಶೂ ಹಾಕಿಕೊಂಡು, ತಲೆ ತುಂಬ ಸೆರಗು ಹೊದ್ದು ಗಾಡಿಯಿಂದ ಇಳಿದರು. ಎಲ್ಲವನ್ನೂ ಸ್ವಲ್ಪ ಸ್ವಲ್ಪ ತೆಗೆದು ಬುಟ್ಟಿಯಲ್ಲಿ ಕಲಸಿ ಮೊದಲ ದಿಬ್ಬದ ಬುಡಕ್ಕೆ ನಡೆದರು. ನಾವು ಹಿಂದೆ ಹೋದೆವು. ಪುಟ್ಟಿ ತನ್ನ ತಂಬಿಗೆಯನ್ನು ಎರಡು ಕೈಯಲ್ಲಿ ಅಪ್ಪಿ ಹಿಡಿದಿದ್ದಳು. ಬೆಳಿಗ್ಗೆಯಿಂದ ಅರ್ಧ ಖರ್ಚಾಗಿತ್ತು, ಉಳಿದರ್ಧಕ್ಕೆ ಅವಳು ಕಾವಲು.

"ಹುಲ್ಲುಲ್ಲಿಗೋ" ಎಂದು ಆಂಟಿ ಚರಗದ ಕೂಗು ಹಾಕಿ ಒಂದು ಹಿಡಿ ಎರಚಿದರು. "ಚಲ್ಲಂಬರಿಗೋ" ಎಂದು ಅಂಕಲ್ ಕೂಗಿದರು! ಹೂಂ ಅನ್ನುವ ಆ ಮನುಷ್ಯನಿಗೆ ಅಂಥ ಗಂಟಲು ಇತ್ತೆಂದು ನನಗೆ ಗೊತ್ತಿರಲಿಲ್ಲ. ಹಿಡಿ ಹಿಡಿಯಾಗಿ ಬಿಳಿ ಮರಳಿನ ಮೇಲೆ ಹಳದಿ ಕಾಳು, ರೊಟ್ಟಿ ಚೂರು, ಮೊಸರನ್ನ ಬಿದ್ದವು. ಭೂಮಿತಾಯಿ ಉಂಡಳೋ ಇಲ್ಲವೋ, ನೋಡಲು ಸೊಗಸಾಗಿತ್ತು.

ಬುಟ್ಟಿ ಖಾಲಿಯಾಗುವ ಹೊತ್ತಿಗೆ ಗಾಲ್ಫ್ ಕಾರ್ಟಿನ ಸದ್ದು ಕೇಳಿತು. ಮುದುಕ ಇಳಿದು ಬಂದ. ಮರಳನ್ನು ನೋಡಿದ, ಆಂಟಿಯನ್ನು ನೋಡಿದ. "ಆದರೆ ನೀವು ಯಾವಾಗಲೂ..." ಎಂದು ಏನೋ ಶುರು ಮಾಡಿದ.

"ಸಾರಿ! ಸಾರಿ! ಐ ಆಮ್ ವೆರಿ ಸಾರಿ!" ಎಂದು ಆಂಟಿ ಅವನ ಮಾತನ್ನು ಅಲ್ಲೇ ಕತ್ತರಿಸಿದರು.

ಅವನು ಗಂಟಲು ಸರಿಮಾಡಿಕೊಂಡು ಹೇಳಿದ: ಇಲ್ಲಿ ಆಹಾರ ಚೆಲ್ಲುವ ಹಾಗಿಲ್ಲ. ವಾಸನೆಗೆ ಕಯೋಟಿಗಳು ಬರುತ್ತವೆ. ತೋಳದ ಜಾತಿಯವು, ಒಮ್ಮೆ ಮನುಷ್ಯರ ಊಟದ ರುಚಿ ಹತ್ತಿದರೆ ಗಾಡಿಗಳ ಸುತ್ತಲೇ ತಿರುಗುತ್ತವೆ, ಕೊನೆಗೆ ಅವಕ್ಕೇ ಅಪಾಯ. ಒಂದು ಅಗಳೂ ಉಳಿಯಬಾರದು, ಎಲ್ಲ ಆರಿಸಿ ತೆಗೆಯಬೇಕು. ತಾನು ಸುತ್ತು ಮುಗಿಸಿ ಬಂದು ನೋಡುತ್ತೇನೆ ಎಂದು ಹೊರಟ.

ಆಂಟಿ ನಿಂತಲ್ಲೇ ನಿಂತಿದ್ದರು. ಅವರ ಕೈ ನಡುಗುತ್ತಿತ್ತು. ಎಷ್ಟು ಜನರ ಉಸಿರನ್ನು ಕಾದ ಕೈ ಅದು! ನಾನು ಕಂಗಾಲಾದೆ.

"ಈಗ ಏನ್ ಮಾಡ್ಲೆವ್ವಾ ಪುಟ್ಟಿ? ನನ್ ಮೊಣಕಾಲು ಬಗ್ಗಂಗಿಲ್ಲ. ಆ ಮನಷ್ಯಾ ತಿರುಗಿ ಬಂದ್ರ ನನ್ನ ಹಿಡಕೊಂಡು ಹೋಗ್ತಾನೇನ?"

"ದೇ ವಿಲ್ ಅರೆಸ್ಟ್ ಯೂ?" ಪುಟ್ಟಿಯ ಕಣ್ಣು ಅಗಲವಾದವು. "ಅಮ್ಮ! ಅಜ್ಜಿನ ಅರೆಸ್ಟ್ ಮಾಡ್ತಾರಾ?"

ನಾನು ಏನಾದರೂ ಹೇಳುವ ಮೊದಲೇ ಅವಳು ತಂಬಿಗೆಯನ್ನು ಮರಳಲ್ಲಿ ಊರಿ ಇಟ್ಟು ಮೊಣಕಾಲೂರಿದಳು. ಸ್ವೆಟರಿನ ತೋಳು ಮೇಲಕ್ಕೆ ಸರಿದವು. ಬಿರಿದ ಗೆಣ್ಣಿನ ಆ ಕೈಗಳು ಮರಳಿನೊಳಗೆ ಹೋದವು. ಮೊದಲು ರೊಟ್ಟಿ ಚೂರು. ಆಮೇಲೆ ಕಾಳು. ಆಮೇಲೆ ಮೊಸರನ್ನ, ಮರಳು ಮೆತ್ತಿಕೊಂಡು ಲೋಳೆಯಾದ ಮೊಸರನ್ನ! ಅದನ್ನು ಬೊಗಸೆಯಲ್ಲಿ ಬಾಚಿ ಬುಟ್ಟಿಗೆ ಹಾಕಿದಳು. "ಅಮ್ಮ, ಅಲ್ಲಿ ಇದೆ! ಅಂಕಲ್ ತಾತ, ಯುವರ್ ಫುಟ್! ಕಾಲ್ ತೆಗೀರಿ!" ಎಂದು ನಮ್ಮನ್ನೆಲ್ಲ ಗದರಿಸುತ್ತ ತೆವಳಿದಳು. ನಾನೂ ಬಗ್ಗಿ ಆರಿಸುತ್ತಿದ್ದೆ, ಆದರೆ ನನಗೆ ಕಾಳು ಕಾಣುತ್ತಿರಲಿಲ್ಲ, ಕಣ್ಣು ಮಂಜಾಗಿತ್ತು. ಯಾರೂ ಏನೂ ಹೇಳಬಾರದು, ಯಾರಾದರೂ ಹೇಳಿದರೆ ಅವಳಿಗೆ ನೆನಪಾಗಿಬಿಡುತ್ತದೆ ಎಂದು ನಾನು ತಲೆ ಎತ್ತದೆ ಮರಳು ಕೆದಕುತ್ತಲೇ ಇದ್ದೆ. ಆಂಟಿ ಕೂಡ ಒಂದು ಮಾತಾಡದೆ ಬುಟ್ಟಿ ಹಿಡಿದು ಅವಳ ಪಕ್ಕದಲ್ಲೇ ಹೆಜ್ಜೆ ಹಾಕುತ್ತಿದ್ದರು.

ಮುದುಕ ಬಂದು ನೋಡಿ ತಲೆದೂಗಿದ. "ಒಳ್ಳೆಯ ಕೆಲಸ ಮಾಡಿದೆ, ಮಗು" ಅಂದ. ಆಂಟಿಯ ಮೇಲೆ ಏನೂ ಕ್ರಮವಿಲ್ಲ ಎಂದು ಪುಟ್ಟಿ ಅವನಿಂದ ಬಾಯಿಬಿಟ್ಟು ಹೇಳಿಸಿಕೊಂಡೇ ಬಿಟ್ಟಳು.

ಆಮೇಲೆ ತನ್ನ ಕೈ ನೋಡಿಕೊಂಡಳು. ಮೊಸರು, ಎಣ್ಣೆ, ಮರಳು, ಎಲ್ಲ ಮೆತ್ತಿಕೊಂಡಿತ್ತು. ಅವಳು ತಂಬಿಗೆ ಎತ್ತಿ ನನಗೆ ಕೊಟ್ಟು ಕೈ ಚಾಚಿದಳು. ಸುರಿದೆ. ಉಜ್ಜಿಕೊಂಡಳು. ತಂಬಿಗೆಯಲ್ಲಿ ಇನ್ನೂ ನೀರಿತ್ತು, ಮತ್ತೆ ಬಗ್ಗಿಸಲು ಹೋದೆ.

"ಸಾಕು ಅಮ್ಮ" ಅಂದಳು. "ನಂಗೆ ಹಸಿವು."

ಮರಳಿನ ಮೇಲೆ ಕೂತು ಕಡುಬು ತಿಂದಳು. ಕೈಯಲ್ಲಿ. ನಾನು ದಿಬ್ಬದ ಆಚೆ ಹೋಗಿ, ಅಲ್ಲಿ ಯಾರೂ ಇಲ್ಲವೆಂದು ನೋಡಿಕೊಂಡು, ಜೋರಾಗಿ ಅತ್ತೆ. ಎದೆಯ ಮೇಲಿಂದ ಒಂದು ರುಬ್ಬುಗುಂಡು ಇಳಿದಿತ್ತು. ತಿರುಗಿ ಬಂದಾಗ ಆಂಟಿ ನನ್ನ ಮುಖ ನೋಡಿ ಒಂದು ರೊಟ್ಟಿ ಜಾಸ್ತಿ ಹಾಕಿದರು.

ಅವತ್ತಿಗೇ ಎಲ್ಲ ಸರಿಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಮನೆಗೆ ಬಂದ ಮೇಲೆ ಮತ್ತೆ ತೊಳೆದಳು, ಕೆಲವು ವಾರ ಹಿಂದಕ್ಕೂ ಜಾರಿದಳು. ಆದರೆ ಅವಳಿಗೆ ಹೇಳಿಕೊಳ್ಳಲು ಒಂದು ದಿನ ಸಿಕ್ಕಿತ್ತು. "ಮರಳಲ್ಲಿ ಅಷ್ಟೊಂದು ಗಲೀಜು ಮುಟ್ಟಿದ್ನಲ್ಲ, ನಂಗೇನೂ ಆಗ್ಲಿಲ್ಲ" ಎಂದು ಕೌನ್ಸೆಲರ್‌ಗೆ ತಾನೇ ಹೇಳಿದಳಂತೆ. ಅಲ್ಲಿಂದ ಕೆಲಸ ಸಲೀಸಾಯಿತು ಎಂದು ಅವರೂ ಹೇಳಿದರು. ಈಗ ಅವಳು ಸ್ಕೂಲಿನಲ್ಲಿ ಜೇಡಿಮಣ್ಣಿನ ಮಡಕೆ ಮಾಡುತ್ತಾಳೆ, ಉಗುರಿನ ಸಂದಿಯ ಮಣ್ಣಿಗೆ ನಾನೇ ಬಯ್ಯಬೇಕು. ಬಯ್ಯುವಾಗ ನನಗೆ ಆಗುವ ಸಂತೋಷ ಅವಳಿಗೆ ಗೊತ್ತಿಲ್ಲ.

ನಾನು ಒಂದು ಸಲ ಆಂಟಿಯನ್ನು ಕೇಳಿದ್ದೆ. "ವರ್ಷವರ್ಷ ಹೋಗೋರು ನೀವು, ಅಲ್ಲಿ ಚೆಲ್ಲಬಾರ್ದು ಅಂತ ಗೊತ್ತಿರ್ಲಿಲ್ವಾ?"

"ಗೊತ್ತಿದ್ರ ಚೆಲ್ತಿದ್ನೇನವಾ?" ಎಂದು ಹಿಟ್ಟಿನಲ್ಲಿ ಹುಳ ಹುಡುಕುವುದನ್ನು ಮುಂದುವರಿಸಿದ್ದರು.

ಕಳೆದ ವರ್ಷ ಆಂಟಿ ಹೋದರು. ರಾತ್ರಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ. ಅಷ್ಟು ಜನರನ್ನು ಎಬ್ಬಿಸಿದವರನ್ನು ಎಬ್ಬಿಸಲು ಯಾರಿಗೂ ಆಗಲಿಲ್ಲ. ನೋವಿಲ್ಲದೆ ಹೋದರಲ್ಲ ಎಂಬ ಸಮಾಧಾನ ನಮಗೆ ಉಳಿಯಿತು.

ಬಂಡಿಯನ್ನು ಮಾರುವ ಮುಂಚೆ ಖಾಲಿ ಮಾಡಲು ಅಂಕಲ್ ನನ್ನನ್ನೂ ಪುಟ್ಟಿಯನ್ನೂ ಕರೆದರು. ಗಂಟೆಯನ್ನು ಬಿಚ್ಚಿ ಪುಟ್ಟಿಗೆ ಕೊಟ್ಟರು. ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ ಒಂದು ದೊಡ್ಡ ಚಾದರ ಮಡಿಸಿಟ್ಟಿತ್ತು. ಬಿಚ್ಚಿದರೆ ತುಂಬ ಅರಿಶಿನದ ಕಲೆ, ಎಣ್ಣೆಯ ಕಲೆ, ಒಂದರ ಮೇಲೊಂದು, ಎಷ್ಟೋ ವರ್ಷದವು. ಮಡಿಕೆಗಳಿಂದ ಬಿಳಿ ಮರಳು ಉದುರಿತು.

"ಇದೇನು ಅಂಕಲ್?"

"ಚರಗದ ಚಾದರ. ವರ್ಷಾ ಮರಳ ಮ್ಯಾಲ ಇದನ್ನ ಹಾಸಿ, ಇದರ ಮ್ಯಾಲ ಚೆಲ್ತಿದ್ಲು. ಅಲ್ಲಿ ಕೆಳಗ ಚೆಲ್ಲಾಕ ಬಿಡಂಗಿಲ್ಲ."

ನಾನು ಪುಟ್ಟಿಯನ್ನು ನೋಡಿದೆ, ಪುಟ್ಟಿ ನನ್ನನ್ನು ನೋಡಿದಳು. "ಮತ್ತೆ ಆ ವರ್ಷ?" ಅಂದೆ.

"ಆ ವರ್ಷನೂ ನಾ ತಗದು ಕೈಯಾಗ ಕೊಟ್ಟೆ. 'ಈ ಸಲ ಬ್ಯಾಡ್ರಿ' ಅಂದ್ಲು." ಅಂಕಲ್ ಕಿಟಕಿಯ ಕಡೆ ತಿರುಗಿದರು. "ನಾ ಹೂಂ ಅಂದೆ."

"ಬಟ್ ಶೀ ವಾಸ್ ಸೋ ಸ್ಕೇರ್ಡ್, ಅಮ್ಮ" ಎಂದಳು ಪುಟ್ಟಿ, ನಗುತ್ತಲೂ ಅಳುತ್ತಲೂ. "ಅಜ್ಜಿ ಕೈ ನಡುಗ್ತಾ ಇತ್ತು! ನಾನೇ ನೋಡ್ದೆ!"

ನಾನೂ ನೋಡಿದ್ದೆ. ಆ ಕೈ ನಟಿಸಿದ್ದೋ, ಇಲ್ಲ ನನ್ನ ಮಗಳು ಬಗ್ಗುತ್ತಾಳೋ ಇಲ್ಲವೋ ಎಂದು ನಿಜವಾಗಿಯೇ ನಡುಗಿದ್ದೋ, ಕೇಳಲು ಆಂಟಿ ಇಲ್ಲ. ಅವರಿಗೆ ನಾನು ಒಂದು ಸಲವೂ ಸರಿಯಾಗಿ ಥ್ಯಾಂಕ್ಸ್ ಹೇಳಿರಲಿಲ್ಲ. ಯಾವುದಕ್ಕೆ ಹೇಳಬೇಕು ಅನ್ನುವುದೇ ನನಗೆ ಅವತ್ತಿನವರೆಗೆ ಗೊತ್ತಿರಲಿಲ್ಲ.

ಅಂಕಲ್ ಆ ಚಾದರವನ್ನು ನಮಗೇ ಕೊಟ್ಟರು. ಮನೆಗೆ ತಂದು ಅಭ್ಯಾಸಬಲದಿಂದ ವಾಷಿಂಗ್ ಮಷೀನಿನ ಬಾಗಿಲು ತೆರೆದೆ. ಪುಟ್ಟಿ ಬಂದು ಅದನ್ನು ನನ್ನ ಕೈಯಿಂದ ತೆಗೆದುಕೊಂಡಳು.

"ತೊಳೀಬೇಡ ಅಮ್ಮ" ಅಂದಳು. "ಹಾಗೇ ಇರ್ಲಿ."